ಬಾಯಿ ಕೂಡದ ನೇಲ್ ಕಟರ್ ಬೇಡ

ದಾಂಡೇಲಿ ಪೇಟೆಯ ಫ್ಯಾನ್ಸಿ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ನೇಲ್ ಕಟರ್ ಕೊಳ್ಳಲು ಬಂದವರು ಹಿಡಿಯ ಮೇಲಿನ ಹೂವಿನ ಚಿತ್ರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕೀ ಚೈನ್ ಇದೆಯೋ ಇಲ್ಲವೋ ನೋಡುತ್ತಾರೆ. ಕೆಲವರು ಟಕ್ ಟಕ್ ಅಂತ ಎರಡು ಸಲ ಒತ್ತಿ ಸ್ಪ್ರಿಂಗ್ ಪರೀಕ್ಷೆ ಮಾಡಿದೆವು ಎಂಬ ಸಮಾಧಾನದಲ್ಲಿ ದುಡ್ಡು ಕೊಡುತ್ತಾರೆ. ಬಾಯಿ ನೋಡುವವರು ಯಾರೂ ಇಲ್ಲ. ಕತ್ತರಿಸುವುದು ಬಾಯಿ ತಾನೆ? ಹಿಡಿ ಅಲ್ಲವಲ್ಲ.

ನನಗೆ ಈ ಬಾಯಿಯ ಹುಚ್ಚು ಹತ್ತಿಸಿದ್ದು ಹೊಟ್ಟೆಪಾಡಿನ ಕೆಲಸ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಲ್ಲಿ ನಾನು ಫಿಟರ್ ಆಗಿದ್ದೆ. ನಿವೃತ್ತಿಯ ತನಕ ನನ್ನ ಪಾಲಿಗೆ ಹೆಚ್ಚಾಗಿ ಬಂದದ್ದು ಚಿಪ್ಪರ್ ಬ್ಲೇಡ್ ಮಸೆಯುವ, ಕೂರಿಸುವ ಕೆಲಸ. ಚಿಪ್ಪರ್ ಅಂದರೆ ಮರವನ್ನೂ ಬಿದಿರನ್ನೂ ಚೂರು ಚೂರು ಮಾಡುವ ಯಂತ್ರ. ದೊಡ್ಡ ಚಕ್ರಕ್ಕೆ ಬ್ಲೇಡುಗಳು, ಅದರೆದುರು ಅಲುಗದೆ ಕೂತ ಇನ್ನೊಂದು ಬ್ಲೇಡು. ಎರಡರ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೂ ಚೂರು ಸರಿಯಾಗಿ ಬರುವುದಿಲ್ಲ, ನಾರು ಜಗಿದಂತೆ ಆಗುತ್ತದೆ. ಆಗ ಮೇಲಿನವರು ಬೈಯುವುದು ಬ್ಲೇಡನ್ನಲ್ಲ, ಬ್ಲೇಡು ಕೂರಿಸಿದವನನ್ನು.

ಆ ಕೆಲಸದಲ್ಲಿ ಕಲಿತ ಒಂದು ಸಂಗತಿ ಈ ಲೇಖನಕ್ಕೆ ಬೇಕು. ನಮ್ಮ ಕಾಡಿನ ಬಿದಿರು ಮರಕ್ಕಿಂತ ಬೇಗ ಬ್ಲೇಡಿನ ಬಾಯಿ ತಿನ್ನುತ್ತಿತ್ತು. ಬಿದಿರು ಹುಲ್ಲಿನ ಜಾತಿ. ಹುಲ್ಲಿನ ಜಾತಿಯ ಗಿಡಗಳ ಮೈಯಲ್ಲಿ, ಅದರಲ್ಲೂ ಹೊರಸಿಪ್ಪೆಯಲ್ಲಿ ಸಿಲಿಕಾ ಇರುತ್ತದೆ. ಮರಳಿನಲ್ಲಿರುವುದೂ ಅದೇ. ಭತ್ತ ಕೊಯ್ದು ಕೊಯ್ದು ಕುಡುಗೋಲು ಸವೆಯುವುದಕ್ಕೂ ಅದೇ ಒಂದು ಕಾರಣ. ನೆಲಕ್ಕೆ ಬಿದ್ದು ಮಣ್ಣು ಮೆತ್ತಿಕೊಂಡ ಬಿದಿರು ಬಂತೆಂದರೆ ಆ ಪಾಳಿ ಮುಗಿಯುವ ಮೊದಲೇ ಬ್ಲೇಡು ಇಳಿಸಬೇಕಾಗುತ್ತಿತ್ತು. ಉಕ್ಕನ್ನು ಕೊಲ್ಲುವುದು ಮರವಲ್ಲ, ಮರದ ಜತೆ ಬಂದ ಮರಳು.

ಉಗುರಿನ ವಿಷಯವೂ ಹಾಗೆಯೇ. ಉಗುರು ಅಂದರೆ ಕೆರಾಟಿನ್, ಕೂದಲಿನಲ್ಲಿ, ಎಮ್ಮೆಯ ಕೊಂಬಿನ ಹೊರಪದರದಲ್ಲಿ ಇರುವುದೂ ಅದೇ. ಹದ ಮಾಡಿದ ಉಕ್ಕಿನ ಮುಂದೆ ಅದು ಏನೂ ಅಲ್ಲ. ಬರೀ ಉಗುರನ್ನಷ್ಟೇ ಕತ್ತರಿಸಿದರೆ ಒಳ್ಳೆಯ ಕಟರ್ ವರ್ಷಗಟ್ಟಲೆ ಬರುತ್ತದೆ. ಆದರೆ ನಮ್ಮ ಕಡೆ ಬರೀ ಉಗುರು ಕತ್ತರಿಸುವವರು ಎಷ್ಟು ಜನ? ಹಳಿಯಾಳದ ಕಬ್ಬಿನ ಹೊಲದಿಂದ, ಮುಂಡಗೋಡದ ಭತ್ತದ ಗದ್ದೆಯಿಂದ, ಜೋಯಿಡಾ ಕಡೆ ಕುಣಬಿಗಳು ಗೆಡ್ಡೆಗೆಣಸು ಅಗೆಯುವ ಹಿತ್ತಿಲಿನಿಂದ ಬಂದ ಬೆರಳಿನ ಉಗುರೊಳಗೆ ಮಣ್ಣು ಇದ್ದೇ ಇರುತ್ತದೆ. ಆ ಮಣ್ಣಿನ ಸಮೇತ ಟಕ್ ಅನ್ನಿಸಿದರೆ ಕಟರ್ ಬಾಯಿಗೆ ಪ್ರತಿ ಸಲವೂ ಮರಳಿನ ಕಣ ಸಿಗುತ್ತದೆ. ಹೀಗಾಗಿ ಮೊದಲು ಸೋಪು ಹಚ್ಚಿ ಹಳೆಯ ಟೂತ್ ಬ್ರಷ್ಷಿನಿಂದ ಉಗುರೊಳಗಿನ ಮಣ್ಣು ತೆಗೆಯಿರಿ, ಆಮೇಲೆ ಕಟರ್ ಹಿಡಿಯಿರಿ. ಎಲ್ಲರೂ ಕತ್ತರಿಸಿದ ಮೇಲೆ ಕೈ ತೊಳೆಯುತ್ತಾರೆ. ನಾನು ಮೊದಲೂ ತೊಳೆಯಿರಿ ಅನ್ನುತ್ತೇನೆ.

ಈಗ ಕೊಳ್ಳುವ ಮಾತು. ಕತ್ತರಿಯ ಎರಡು ಅಲಗುಗಳು ಒಂದರ ಪಕ್ಕ ಒಂದು ಸರಿದು ಹೋಗುತ್ತವೆ. ನೇಲ್ ಕಟರ್‌ನಲ್ಲಿ ಹಾಗಲ್ಲ. ಮೇಲಿನ ಬಾಯಿ, ಕೆಳಗಿನ ಬಾಯಿ ಎದುರುಬದುರು ಬಂದು ತುದಿಗೆ ತುದಿ ಮುಟ್ಟಬೇಕು. ಇಕ್ಕಳದಂತೆ ಎರಡೂ ಕಡೆಯಿಂದ ಉಗುರಿನೊಳಗೆ ಇಳಿದು ನಡುವೆ ಭೇಟಿಯಾಗಬೇಕು. ಮೇಲಿನದು ಒಂದಿಷ್ಟು ಮುಂದೆ ಬಂದು ಕೆಳಗಿನದನ್ನು ದಾಟಿದರೆ ಉಗುರು ಕತ್ತರಿಸುವ ಬದಲು ಮಡಚಿ ಹರಿಯುತ್ತದೆ. ಒಂದು ಮೂಲೆಯಲ್ಲಿ ಸಂದು ಉಳಿದರೆ ಆ ಮೂಲೆಯಲ್ಲಿ ಉಗುರಿನ ಎಳೆ ನೇತಾಡುತ್ತದೆ. ಅದನ್ನು ನಾವು ಕೈಯಿಂದ ಎಳೆಯುತ್ತೇವೆ, ರಕ್ತ ಬರುತ್ತದೆ, ಮರುದಿನ ಬೆರಳು ಬಾತುಕೊಳ್ಳುತ್ತದೆ.

ಬಾಯಿ ಕೂಡುತ್ತದೆಯೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲೇ ನೋಡಬಹುದು. ಹಿಡಿ ತಿರುಗಿಸಿ ಮೆಲ್ಲಗೆ ಒತ್ತಿ, ಬಾಯಿ ಮುಚ್ಚಿಸಿ, ಬೆಳಕಿಗೆ ಹಿಡಿಯಿರಿ. ಬಾಗಿಲ ಬಳಿ ಬಂದು ಆಕಾಶದ ಕಡೆ ಹಿಡಿದರೆ ಇನ್ನೂ ಒಳ್ಳೆಯದು. ಎರಡು ಬಾಯಿಗಳ ನಡುವೆ ಬೆಳಕಿನ ಗೆರೆ ಕಂಡರೆ ಅದನ್ನು ವಾಪಸ್ ರಟ್ಟಿಗೆ ಸಿಕ್ಕಿಸಿ. ಗೆರೆ ಕಾಣದಿದ್ದರೆ ಪಕ್ಕದಿಂದ ನೋಡಿ: ಒಂದು ಇನ್ನೊಂದಕ್ಕಿಂತ ಮುಂದಿದೆಯೇ? ಬೆರಳ ತುದಿಯನ್ನು ಮುಚ್ಚಿದ ಬಾಯಿಯ ಮೇಲೆ ಹಗುರವಾಗಿ ಆಡಿಸಿದರೆ ಮೆಟ್ಟಿಲಿನಂತೆ ತಗುಲಬಾರದು. ಆಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲದ ಅಂಚನ್ನು ಒಂದೇ ಪದರವಾಗಿ ಬಾಯಿಗೆ ಕೊಟ್ಟು ಒತ್ತಿ. ಒಳ್ಳೆಯದಾದರೆ ಬಾಯಿಯ ಈ ಮೂಲೆಯಿಂದ ಆ ಮೂಲೆಯವರೆಗೆ ಚೂರು ಪೂರ್ತಿ ಬಿದ್ದುಹೋಗುತ್ತದೆ. ಒಂದು ಕಡೆ ಅಂಟಿಕೊಂಡೇ ಇದ್ದರೆ ಅಲ್ಲಿ ಬಾಯಿ ಕೂಡಿಲ್ಲ.

ಹಳಿಯಾಳದ ಸಂತೆಯಲ್ಲಿ ಹೀಗೆ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡುತ್ತಿದ್ದಾಗ ಚಾಪೆ ಹಾಸಿಕೊಂಡು ಕೂತಿದ್ದ ಹುಡುಗ ಕೇಳಿದ.

"ಕಾಕಾ, ಉಗುರು ತಗಿಯೂದಕ್ಕ ಇಷ್ಟ್ಯಾಕ ನೋಡ್ತೀರಿ? ಇಪ್ಪತ್ತು ರೂಪಾಯಿ ಮಾಲದು."

"ಇಪ್ಪತ್ತು ರೂಪಾಯಿ ಮಾಲಿನಾಗೂ ಒಂದು ಚಲೋದು ಇರ್ತದ ತಮ್ಮಾ. ಅದನ್ನ ಹುಡುಕಾಕತ್ತೀನಿ."

ಅವನು ನಕ್ಕ. ಆಮೇಲೆ ತಾನೇ ಎರಡು ತೆಗೆದು ಸೂರ್ಯನ ಕಡೆ ಹಿಡಿದು ನೋಡಿದ. ನಾನು ಸುಮ್ಮನೆ ಹೇಳಿದ ಮಾತಲ್ಲ ಅದು. ಅಗ್ಗದ ಮಾಲಿನಲ್ಲಿ ಒಂದೇ ಅಚ್ಚಿನಿಂದ ಬಂದ ಎರಡು ಕಟರ್‌ಗಳ ನಡುವೆಯೂ ಅಜಗಜಾಂತರ ಇರುತ್ತದೆ. ದುಬಾರಿ ಮಾಲಿಗೆ ಕೊಡುವ ಹೆಚ್ಚಿನ ದುಡ್ಡಿನ ಒಂದು ಪಾಲು ಹೋಗುವುದು ಈ ವ್ಯತ್ಯಾಸ ಕಡಿಮೆ ಮಾಡುವುದಕ್ಕೆ: ಪ್ರತಿ ತುಂಡಿನ ಬಾಯಿಯನ್ನೂ ಕೂಡಿಸಿ, ನೋಡಿ, ಕೆಟ್ಟದ್ದನ್ನು ಬದಿಗಿಡುವುದಕ್ಕೆ. ಆ ಕೆಲಸವನ್ನು ಸಂತೆಯಲ್ಲಿ ನಾವೇ ಮಾಡಿಕೊಂಡರೆ ದುಡ್ಡು ಉಳಿಯಿತು.

ಹೆಸರು ನೋಡಿ ಕೊಳ್ಳುವವರಿಗೂ ನಾಲ್ಕು ಮಾತು. ಹಿಡಿ ಒತ್ತಿ ಕತ್ತರಿಸುವ ಈ ಮಾದರಿಗೆ ಅಮೆರಿಕದಲ್ಲಿ 1881ರಲ್ಲೇ ಪೇಟೆಂಟ್ ಸಿಕ್ಕಿತ್ತು. ಇವತ್ತು ನಮ್ಮ ಕೈಯಲ್ಲಿರುವ ರೂಪ ಗಟ್ಟಿಯಾದದ್ದು 1947ರಲ್ಲಿ, ಕನೆಕ್ಟಿಕಟ್‌ನ ವಿಲಿಯಂ ಬ್ಯಾಸೆಟ್ ಕಂಪನಿ 'ಟ್ರಿಮ್' ಎಂಬ ಕಟರ್ ತಂದಾಗ. ಅವರು ಮಾಡಿದ ಬದಲಾವಣೆಗಳು ನೋಡಲು ಸಣ್ಣವು. ಎರಡು ತೋಳುಗಳು ಅಡ್ಡ ಸರಿಯದಂತೆ ಎರಡು ಪುಟ್ಟ ಉಬ್ಬು, ಹಿಡಿ ಕೂರುವ ಗೂಟಕ್ಕೆ ಕಚ್ಚು, ಹೆಬ್ಬೆರಳು ಕೂರಲು ಹಿಡಿಗೆ ಒಂದು ಬಾಗು. ಫಿಟರ್‌ನ ಕಣ್ಣಿಗೆ ಮೊದಲನೆಯದೇ ದೊಡ್ಡದು. ತೋಳು ಅಡ್ಡ ಸರಿದರೆ ಬಾಯಿ ಎಲ್ಲಿ ಕೂಡುತ್ತದೆ? ಕೊಳ್ಳುವಾಗ ಎರಡು ತೋಳುಗಳನ್ನು ಬೆರಳುಗಳಿಂದ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ ನೋಡಿ. ಸಡಿಲ ಇದ್ದರೆ ಇವತ್ತು ಕೂಡಿದ ಬಾಯಿ ಮುಂದಿನ ತಿಂಗಳು ಕೂಡುವುದಿಲ್ಲ.

ನಮ್ಮ ಅಂಗಡಿಗಳಲ್ಲಿ ಹೆಚ್ಚು ಕೇಳಿಬರುವ '777' ದಕ್ಷಿಣ ಕೊರಿಯಾದ್ದು. ಜಪಾನಿನ ಸೆಕಿ ಎಂಬ ಊರು ಒಂದು ಕಾಲಕ್ಕೆ ಖಡ್ಗಕ್ಕೆ ಹೆಸರಾಗಿತ್ತು, ಈಗ ಚಾಕು, ಕತ್ತರಿ, ನೇಲ್ ಕಟರ್‌ಗೆ. ಅಲ್ಲಿ 1908ರಲ್ಲಿ ಶುರುವಾದ 'ಕಾಯ್' ಕಂಪನಿಯ ಮಾಲು ಈಗ ಭಾರತದಲ್ಲೂ ಸಿಗುತ್ತದೆ. ಆದರೆ ಹೆಸರನ್ನು ಯಾರು ಬೇಕಾದರೂ ತಗಡಿನ ಮೇಲೆ ಅಚ್ಚೊತ್ತಬಹುದು. ಕೂಡುವ ಬಾಯಿಯನ್ನು ಅಚ್ಚೊತ್ತಲು ಬರುವುದಿಲ್ಲ. ಯಾವ ಹೆಸರಿನದಾದರೂ ಬೆಳಕಿಗೆ ಹಿಡಿದೇ ಕೊಳ್ಳಿ.

ಹಿಡಿಯ ಲೆಕ್ಕ ಸುಲಭ. ಹಿಡಿ ಒಂದು ಸನ್ನೆಗೋಲು. ಗೂಟ ಇರುವುದು ಮುಂದೆ, ನಮ್ಮ ಹೆಬ್ಬೆರಳು ಒತ್ತುವುದು ದೂರದ ಹಿಂದಿನ ತುದಿಯಲ್ಲಿ, ಹಿಡಿಯ ಉಬ್ಬು ತೋಳನ್ನು ಅದುಮುವುದು ಗೂಟದ ಪಕ್ಕದಲ್ಲೇ. ಹಾಗಾಗಿ ನಮ್ಮ ಬಲ ಹಲವು ಪಟ್ಟು ಆಗುತ್ತದೆ. ಹಿಡಿ ಉದ್ದ ಇದ್ದಷ್ಟೂ ಒತ್ತುವುದು ಹಗುರ. ಕೀ ಚೈನಿನ ಪುಟ್ಟ ಕಟರ್‌ನಲ್ಲಿ ಕಾಲಿನ ಹೆಬ್ಬೆರಳಿನ ಉಗುರು ತೆಗೆಯಲು ಹೋಗಿ ಕೈ ನೋಯಿಸಿಕೊಳ್ಳುವವರು ಇದನ್ನು ನೆನಪಿಡಬೇಕು. ಮನೆಗೆ ಎರಡು ಇರಲಿ: ಕೈಗೆ ಸಣ್ಣದು, ಬಾಯಿ ಬಾಗಿರುವುದು. ಕಾಲಿಗೆ ದೊಡ್ಡದು, ಬಾಯಿ ಆದಷ್ಟು ನೇರ ಇರುವುದು.

ಉಕ್ಕಿನ ವಿಷಯಕ್ಕೆ ಬಂದರೆ ದಾಂಡೇಲಿ, ಹಳಿಯಾಳ, ಮುಂಡಗೋಡ, ಜೋಯಿಡಾ ಎಂಬ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಒಂದೇ ಮಾತು ಎಲ್ಲರಿಗೂ ಹೊಂದುವುದಿಲ್ಲ. ಹಳಿಯಾಳ, ಮುಂಡಗೋಡ ಬಯಲುಸೀಮೆಗೆ ತಾಗಿಕೊಂಡ ಅರೆಮಲೆನಾಡು. ಜೋಯಿಡಾ ಹಾಗಲ್ಲ. ಕ್ಯಾಸಲ್ ರಾಕ್, ಅಣಶಿ ಕಡೆ ಜುಲೈ ತಿಂಗಳಲ್ಲಿ ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಒಣಹಾಕಿದ ಅಂಗಿಗೆ ವಾರದಲ್ಲಿ ಬೂಸ್ಟು. ನನ್ನ ಅಕ್ಕನನ್ನು ಕೊಟ್ಟಿರುವುದು ಆ ಕಡೆಗೆ. ಅವಳ ಮನೆಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಕಬ್ಬಿಣದ ಯಾವ ಸಾಮಾನಿಗೂ ಕಂದು ಬಣ್ಣ ಬಂದಿರುತ್ತದೆ.

ಅಗ್ಗದ ಕಟರ್ ಸಾದಾ ಕಾರ್ಬನ್ ಉಕ್ಕಿನದು, ಮೇಲೆ ನಿಕ್ಕಲ್ ಅಥವಾ ಕ್ರೋಮಿಯಂ ಲೇಪ. ಲೇಪ ಫಳಫಳ ಹೊಳೆಯುತ್ತದೆ. ಆದರೆ ಲೇಪ ಕೊಟ್ಟ ಮೇಲೆ ಬಾಯಿ ಮಸೆದಿದ್ದರೆ ಬಾಯಿಯ ತುದಿಯಲ್ಲಿ ಲೇಪ ಇರುವುದಿಲ್ಲ. ತುಕ್ಕು ಶುರುವಾಗುವುದು ಸರಿಯಾಗಿ ಅಲ್ಲೇ. ಹಿಡಿ ಕನ್ನಡಿಯಂತೆ ಹೊಳೆಯುತ್ತಿದ್ದರೂ ಬಾಯಿ ಹಲ್ಲುಹಲ್ಲಾಗಿರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ಇದಕ್ಕಿಂತ ತಡೆದುಕೊಳ್ಳುತ್ತದೆ. ತುಕ್ಕೇ ಹಿಡಿಯುವುದಿಲ್ಲ ಅಂತಲ್ಲ, ತಡವಾಗಿ ಹಿಡಿಯುತ್ತದೆ. ಜೋಯಿಡಾದವರು ಇನ್ನೊಂದಿಷ್ಟು ಕೊಟ್ಟು ಸ್ಟೇನ್‌ಲೆಸ್ ಕೊಳ್ಳಲಿ. ಮುಂಡಗೋಡದವರು ಒರೆಸಿ ಇಟ್ಟುಕೊಂಡರೆ ಸಾದಾ ಉಕ್ಕಿನದೂ ನಡೆಯುತ್ತದೆ.

ಆಯಸ್ಕಾಂತ ಹಿಡಿದು ಸ್ಟೇನ್‌ಲೆಸ್ ಹೌದೋ ಅಲ್ಲವೋ ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ಅಡುಗೆಮನೆಯ ಪಾತ್ರೆಯ ಬಹುಪಾಲು ಸ್ಟೀಲು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಸರಿ. ಆದರೆ ಹರಿತ ನಿಲ್ಲಬೇಕಾದ ಸಾಮಾನಿಗೆ ಬಳಸುವ ಸ್ಟೇನ್‌ಲೆಸ್ ಬೇರೆ ಜಾತಿ. ಅದನ್ನು ಕಾಯಿಸಿ ಹದ ಮಾಡಿ ಗಡಸು ಮಾಡುತ್ತಾರೆ, ಅದು ಅಂಟಿಯೇ ಅಂಟುತ್ತದೆ. ಅಂಟದ ಸ್ಟೀಲಿನಿಂದ ಮಾಡಿದ ಕಟರ್ ಸಿಕ್ಕರೆ ನಾನಂತೂ ಕೊಳ್ಳುವುದಿಲ್ಲ.

ಇಡುವ ಜಾಗವೂ ಮುಖ್ಯ. ಬಚ್ಚಲುಮನೆಯ ಗೂಡು ಕಟರ್‌ಗೆ ಸ್ಮಶಾನ. ಒಲೆಯ ಉರಿ, ಬಿಸಿನೀರಿನ ಹಬೆ, ಸೋಪಿನ ನೀರು ಎಲ್ಲ ಅಲ್ಲೇ. ಬಳಸಿದ ಮೇಲೆ ಬಾಯಿಯ ಒಳಗೆ ಸಿಕ್ಕಿಕೊಂಡ ಚೂರನ್ನು ಬ್ರಷ್ಷಿನಿಂದ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಹಿಡಿಯನ್ನು ಮಡಚಿ ಇಡಿ. ಹಿಡಿ ಎತ್ತಿಯೇ ಬಿಟ್ಟರೆ ಯಾವುದರ ಕೆಳಗೋ ಸಿಕ್ಕಿ ಅದುಮಿಕೊಂಡು ತೋಳಿನ ಎಳೆತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಸ್ಟೀಲಿನ ಪುಟ್ಟ ಡಬ್ಬಿಯಲ್ಲಿ ಹಾಕಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಜತೆಗಿಡಿ. ಸಿಲಿಕಾವನ್ನು ಇಷ್ಟು ಬೈದ ಮೇಲೆ ಅದಕ್ಕೂ ಒಂದು ಉಪಕಾರದ ಕೆಲಸ ಇರಲಿ. ಅದು ತೇವ ಹೀರುತ್ತದೆ. ಪೊಟ್ಟಣ ಮಾತ್ರ ಮಕ್ಕಳ ಕೈಗೆ ಸಿಗಬಾರದು.

ಎಣ್ಣೆ? ಹೊಲಿಗೆ ಯಂತ್ರದ ಎಣ್ಣೆ, ಗೂಟ ಮತ್ತು ಹಿಡಿ ಕೂಡುವ ಕಡೆ ಒಂದು ಹನಿ, ಬಾಯಿಗೆ ಬಟ್ಟೆಯಲ್ಲಿ ತೇಲಿಸಿ ಒರೆಸಿದಷ್ಟು. ಅಕ್ಕ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. "ಇದ್ದದ್ದನ್ನ ಹಚ್ಚೂದು, ಅದಕ್ಕೂ ಬೇರೆ ಎಣ್ಣಿ ಎಲ್ಲಿಂದ ತರ್ಲೋ ತಮ್ಮಾ?" ಅನ್ನುತ್ತಾಳೆ. ಅವಳ ಮಾತನ್ನು ತೆಗೆದುಹಾಕುವುದು ಕಷ್ಟ. ಏನೂ ಇಲ್ಲದ್ದಕ್ಕಿಂತ ಅದು ವಾಸಿ. ಆದರೆ ಕೊಬ್ಬರಿ ಎಣ್ಣೆ ಚಳಿಗಾಲಕ್ಕೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟು ಬಂದು ಧೂಳು ಹಿಡಿಯುತ್ತದೆ. ಧೂಳು ಅಂದರೆ ಮತ್ತೆ ಮರಳು.

ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ. ಅಪ್ಪ ದಾಡಿ ಮಾಡಿ ಉಳಿದ ಬ್ಲೇಡನ್ನು ಎರಡು ಹೋಳು ಮಾಡಿ ಅಂಗಳದ ಕಲ್ಲಿನ ಮೇಲೆ ಕೂತು ಉಗುರು ತೆಗೆಯುತ್ತಿದ್ದರು. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು, ಮಂಗಳವಾರ ಶುಕ್ರವಾರ ಮುಟ್ಟಲೇಬಾರದು ಅನ್ನುತ್ತಿದ್ದರು. ವಾರದ ಮಾತು ನನಗೆ ತಿಳಿಯದು. ಚಿಮಣಿ ಬೆಳಕಿನಲ್ಲಿ ಬ್ಲೇಡು ಹಿಡಿದವರ ಬೆರಳು ಉಳಿಸಲು ಹೇಳಿದ ಮಾತು ಅದು ಎಂದು ದೀಪದ ವಿಷಯದಲ್ಲಿ ನನ್ನ ತರ್ಕ. ಈಗಲೂ ಹಳ್ಳಿಯ ಎಷ್ಟೋ ಹಿರಿಯರು ಬ್ಲೇಡನ್ನೇ ನಂಬಿದ್ದಾರೆ, ಯಾಕೆಂದರೆ ಅವರ ಕಾಲಿನ ಉಗುರು ಸಾದಾ ಕಟರ್ ಬಾಯಿಗೆ ಹಿಡಿಸುವುದೇ ಇಲ್ಲ. ವರ್ಷಗಟ್ಟಲೆ ಬರಿಗಾಲಲ್ಲಿ ಗದ್ದೆಯ ಕೆಸರಿನಲ್ಲಿ ನಿಂತ ಕಾಲು. ಹೆಬ್ಬೆರಳ ಉಗುರು ದಪ್ಪಗಾಗಿ, ಹಳದಿಯಾಗಿ, ಬಾಗಿ ಕೂತಿರುತ್ತದೆ. ಬರೀ ವಯಸ್ಸಿಗೆ ದಪ್ಪವಾಗುವುದು ಬೇರೆ. ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ಬಹಳ ಸಲ ಶಿಲೀಂಧ್ರದ ಕಾಟ, ಡಾಕ್ಟರಿಗೆ ತೋರಿಸಬೇಕಾದದ್ದು.

ಇಂಥವರಿಗೆ ಇಕ್ಕಳದ ಮಾದರಿಯ ಕಟರ್ ತರಬೇಕು. ಎರಡು ಉದ್ದ ಹಿಡಿ, ನಡುವೆ ಸ್ಪ್ರಿಂಗ್, ಮುಂದೆ ಚೂಪಾದ ಗಟ್ಟಿ ಬಾಯಿ. ಪೂರ್ತಿ ಉಗುರನ್ನು ಒಂದೇ ಸಲ ಬಾಯಿಗೆ ತುಂಬಬೇಕಾಗಿಲ್ಲ, ಅಂಚಿನಿಂದ ಚೂರು ಚೂರೇ ಕಚ್ಚುತ್ತಾ ಹೋಗಬಹುದು. ದಾಂಡೇಲಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಕಾಲನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಉಗುರು ಮೆತ್ತಗಾಗುತ್ತದೆ. ಆಮೇಲೆ ನೇರವಾಗಿ ಕತ್ತರಿಸಿ, ಮೂಲೆಗಳನ್ನು ಒಳಕ್ಕೆ ಕೊರೆಯಬೇಡಿ. ಕೊರೆದ ಮೂಲೆ ಬೆಳೆಯುವಾಗ ಮಾಂಸದೊಳಗೆ ಚುಚ್ಚಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಕಾಲು ಜೋಮು ಹಿಡಿದಂತಿರುವವರು ತಾವೇ ಕತ್ತರಿಸಿಕೊಳ್ಳುವುದು ಬೇಡ. ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಕಣ್ಣು ಚುರುಕಿರುವ ಮಗಳೋ ಸೊಸೆಯೋ ಮಾಡಲಿ. ಅವಸರವಿಲ್ಲ, ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನದು ಅದರ ಅರ್ಧದಷ್ಟು.

ಎಷ್ಟು ಗಿಡ್ಡಕ್ಕೆ ಕತ್ತರಿಸಬೇಕು ಎಂಬುದಕ್ಕೆ ಬಹಳ ಹಳೆಯ ಉತ್ತರವೊಂದಿದೆ. ಬೌದ್ಧ ಭಿಕ್ಷುಗಳ ನಿಯಮಗಳಿರುವ ಪಾಳಿ ವಿನಯ ಪಿಟಕದ ಚುಲ್ಲವಗ್ಗ ಎಂಬ ಭಾಗದಲ್ಲಿ ಭಿಕ್ಷುಗಳು ಉಗುರು ಉದ್ದ ಬಿಡಬಾರದು ಎಂಬ ನಿಯಮವಿದೆ, ಉಗುರು ಕತ್ತರಿಸುವ ಸಾಧನ ಇಟ್ಟುಕೊಳ್ಳಲು ಒಪ್ಪಿಗೆಯಿದೆ. ಕೆಲವರು ರಕ್ತ ಬರುವಷ್ಟು ಕತ್ತರಿಸಿಕೊಂಡು ಬೆರಳು ನೋಯಿಸಿಕೊಂಡಾಗ, ಮಾಂಸದ ಮಟ್ಟಕ್ಕೆ ನಿಲ್ಲಿಸಿ ಎಂದು ಬುದ್ಧ ಹೇಳಿದ ಪ್ರಸಂಗವೂ ಅಲ್ಲಿದೆ. ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನ ಮಠಗಳು ಪಾಲಿಸುವ ವಿನಯ ಬೇರೆ ಶಾಖೆಯದು. ಆದರೂ 1966ರಿಂದ ನಮ್ಮ ನೆರೆಯಲ್ಲಿ ನೆಲೆಸಿದ ಆ ಕ್ಯಾಂಪಿನ ಅಂಗಡಿಯೊಂದರಲ್ಲಿ ಒಬ್ಬ ಎಳೆಯ ಲಾಮಾ ನೇಲ್ ಕಟರನ್ನು ಟ್ಯೂಬ್‌ಲೈಟಿಗೆ ಹಿಡಿದು ಬಾಯಿ ನೋಡುತ್ತಿದ್ದುದನ್ನು ಕಂಡಾಗ ನನಗೆ ಆ ಪ್ರಸಂಗ ನೆನಪಾಯಿತು. ಹೀಗೆ ಬಾಯಿ ನೋಡಿ ಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಾಸ್ಟೆಲಿನಲ್ಲಿ, ಕಾರ್ಖಾನೆಯ ರೂಮುಗಳಲ್ಲಿ, ತುಂಬಿದ ಮನೆಗಳಲ್ಲಿ ಒಂದೇ ಕಟರ್ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಇದು ಒಳ್ಳೆಯದಲ್ಲ. ಉಗುರಿನ ಶಿಲೀಂಧ್ರ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ರಕ್ತ ತಾಗಿದ್ದರೆ ಭಯ ಇನ್ನೂ ದೊಡ್ಡದು: ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲದು. ಒಬ್ಬೊಬ್ಬರಿಗೆ ಒಂದೊಂದು ಇದ್ದರೆ ಮಾತೇ ಮುಗಿಯಿತು. ಹಿಡಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ತೊಳೆಯಬೇಕಾದಾಗ ಬಿಸಿನೀರು, ಸೋಪು, ಬ್ರಷ್ಷು, ಒಣಗಿದ ಮೇಲೆ ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಬ್ಲೀಚಿಂಗ್ ದ್ರಾವಣದಲ್ಲಿ ನೆನೆಹಾಕಬೇಡಿ, ಅದು ಉಕ್ಕನ್ನೇ ತಿನ್ನುತ್ತದೆ.

ಮೊಂಡಾದ ಕಟರ್ ಮಸೆಯಬಹುದೇ ಎಂದು ನನ್ನ ಕೆಲಸ ಗೊತ್ತಿದ್ದವರು ಕೇಳುತ್ತಲೇ ಇರುತ್ತಾರೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮಡಚಿ ಕತ್ತರಿಸಿದರೆ ಹರಿತ ಬರುತ್ತದೆ ಎಂಬ ಮಾತು ಎಲ್ಲೆಡೆ ಹರಿದಾಡುತ್ತಿದೆ. ಅದರಿಂದ ಬಾಯಿಗೆ ಅಂಟಿದ ಕೊಳೆ, ತುದಿಯಲ್ಲಿ ಮಡಚಿಕೊಂಡ ಎಳೆಯಂಥ ಉಕ್ಕು ಸ್ವಲ್ಪ ಉಜ್ಜಿ ಹೋಗುತ್ತದೆ, ಒಂದೆರಡು ದಿನ ಚುರುಕೆನಿಸುತ್ತದೆ. ಸವೆದ ಬಾಯಿಗೆ ಅದು ಮದ್ದಲ್ಲ. ಸಾಣೆ ಹಿಡಿಯುವವನ ಬಳಿಗೂ ಒಯ್ಯಬೇಡಿ. ಚಾಕುವನ್ನು ಮಸೆದರೆ ಅದು ಸ್ವಲ್ಪ ಕಿರಿದಾಗುತ್ತದೆ, ನಷ್ಟವಿಲ್ಲ. ಕಟರ್ ಬಾಯಿಯಲ್ಲಿ ಒಂದು ಕಡೆ ಹೆಚ್ಚು ತೆಗೆದರೆ ಇನ್ನೊಂದು ಅದನ್ನು ಮುಟ್ಟುವುದೇ ಇಲ್ಲ. ಬಾಗಿದ ಬಾಯಿಯ ಎರಡೂ ಕಡೆ ಒಂದೇ ಸಮ ತೆಗೆಯಲು ಬೇಕಾಗುವ ಹೊತ್ತಿನಲ್ಲಿ ಹೊಸ ಕಟರ್‌ನ ದುಡ್ಡು ದುಡಿಯಬಹುದು.

ಬಾಯಿಯಲ್ಲಿ ಹಲ್ಲು ಬಿದ್ದಿದ್ದರೆ, ಒರೆಸಿದರೂ ಹೋಗದ ತುಕ್ಕು ತುದಿಗೇ ಹತ್ತಿದ್ದರೆ, ಮುಚ್ಚಿದಾಗ ಬೆಳಕಿನ ಗೆರೆ ಕಾಣತೊಡಗಿದರೆ ಬದಲಿಸಿ. ನನ್ನ ಹಳೆಯದೊಂದು ಈಗ ಟೂಲ್ ಬಾಕ್ಸಿನಲ್ಲಿದೆ, ಸಣ್ಣ ಕರೆಂಟ್ ವೈರಿನ ತುದಿಯ ಪ್ಲಾಸ್ಟಿಕ್ ಸುಲಿಯಲು ಅದು ಬಹಳ ಅನುಕೂಲ. ಮನೆಯವರಾರೂ ಮರೆತು ಅದನ್ನು ಉಗುರಿಗೆ ಒಯ್ಯದಿರಲಿ ಎಂದು ಹಿಡಿಗೆ ಕೆಂಪು ಪೇಂಟ್ ಬಳಿದಿದ್ದೇನೆ.